ಝೆಡ್ ಶೆಲ್, ಇಷ್ಟು ವರ್ಷ ಬಳಸಿದ ಮೇಲೆ: ಮಾಡ್ಯೂಲ್ ಲೋಡ್ ಆಗ್ಲಿಲ್ಲ ಅಂದ್ರೆ ಏನಾಗುತ್ತೆ

2019ರಲ್ಲಿ ಮ್ಯಾಕ್‌ಓಎಸ್ ಕ್ಯಾಟಲಿನಾ ಬಂದಾಗ ಡೀಫಾಲ್ಟ್ ಶೆಲ್ (ಟೈಪ್ ಮಾಡಿದ ಕಮಾಂಡ್ ಓಡಿಸೋ ಪ್ರೋಗ್ರಾಂ) ಬ್ಯಾಷ್ ಹೋಗಿ ಝೆಡ್ ಶೆಲ್ ಆಯ್ತಲ್ಲ, ಆವಾಗಿಂದ ಆಫೀಸಲ್ಲೂ ಮನೆಯ ಉಬುಂಟುನಲ್ಲೂ ಇದನ್ನೇ ಬಳಸ್ತಿದೀನಿ. ಟ್ಯಾಬ್ ಕಂಪ್ಲೀಶನ್, ಹಿಸ್ಟರಿ ಎಲ್ಲಾ ಸೂಪರ್, ಅದನ್ನ ತುಂಬಾ ಜನ ಹೇಳಿದಾರೆ. ನಂಗೆ ಹೇಳ್ಬೇಕಿರೋದು ಮಾಡ್ಯೂಲ್ (ಶೆಲ್‌ಗೆ ಬೇಕಾದಾಗ ಸೇರಿಸ್ಕೊಳ್ಳೋ ಬಿಡಿ ಭಾಗ) ಲೋಡ್ ಫೇಲ್ ಆಗೋದ್ರ ಬಗ್ಗೆ, ಯಾಕಂದ್ರೆ ಅದ್ರಿಂದ ನನ್ನ ಮೂರು ದಿನದ ಬ್ಯಾಕಪ್ ಹೋಯ್ತು.

ಉಬುಂಟು 22.04ರಿಂದ 24.04ಕ್ಕೆ ಅಪ್‌ಗ್ರೇಡ್ ಮಾಡಿದ್ದೆ, ಝೆಡ್ ಶೆಲ್ 5.8.1 ಹೋಗಿ 5.9 ಬಂತು, ಆದ್ರೆ ಕೆಲಸ ನಡೀತಿತ್ತು ಅಂತ ರೀಬೂಟ್ ಮಾಡ್ದೆ ಹಳೇ ಟಿಮಕ್ಸ್ (ಟರ್ಮಿನಲ್ ಮುಚ್ಚಿದ್ರೂ ಒಳಗಿನ ಶೆಲ್ ಓಡ್ತಾನೇ ಇರೋ ಹಾಗೆ ಮಾಡೋ ಟೂಲ್) ಸೆಷನ್ ಹಾಗೇ ಬಿಟ್ಟಿದ್ದೆ. ಈ ಶೆಲ್ ತನ್ನ ಎಷ್ಟೋ ಭಾಗಗಳನ್ನ ವರ್ಷನ್ ನಂಬರ್ ಇರೋ ಫೋಲ್ಡರ್‌ನಲ್ಲಿ ಬೇರೆ ಬೇರೆ ಫೈಲಾಗಿ ಇಟ್ಕೊಂಡು, ಬೇಕಾದಾಗ ಮಾತ್ರ ಎತ್ಕೊಳ್ಳುತ್ತೆ. ಹಳೇ ಶೆಲ್ ಹಳೇ ಫೋಲ್ಡರ್ ಹುಡುಕ್ತಿತ್ತು, ಅದು ಅಳಿಸಿ ಹೋಗಿತ್ತು. ನನ್ನ ಬ್ಯಾಕಪ್ ಫಂಕ್ಷನ್ ಮೊದಲು ಡೇಟ್‌ಟೈಮ್ ಮಾಡ್ಯೂಲನ್ನ ಝೆಡ್‌ಮೋಡ್‌ಲೋಡ್ (ಮಾಡ್ಯೂಲ್ ಲೋಡ್ ಮಾಡೋ ಕಮಾಂಡ್) ಮಾಡಿ, ಈಗಿನ ಸಮಯವನ್ನ ಸೆಕೆಂಡ್‌ಗಳಲ್ಲಿ ಕೊಡೋ ಎಪೋಕ್‌ಸೆಕೆಂಡ್ಸ್ ವೇರಿಯಬಲ್ಲನ್ನ ಫೈಲ್ ಹೆಸರಿಗೆ ಸೇರಿಸುತ್ತೆ. ಲೋಡ್ ಆಗ್ಲಿಲ್ಲ, ಒಂದು ಸಾಲು ಎರರ್ ಬಂತು, ಶೆಲ್ ಮುಂದಕ್ಕೆ ಹೋಯ್ತು, ವೇರಿಯಬಲ್ ಖಾಲಿ, ಫೈಲ್‌ಗಳನ್ನ ಒಂದೇ ಕಟ್ಟು ಮಾಡೋ ಟಾರ್ ಕಮಾಂಡ್ ಪ್ರಿಂಟ್ ಮಾಡಿದ ಸಾವಿರಾರು ಫೈಲ್ ಹೆಸರಲ್ಲಿ ಆ ಎರರ್ ಮೇಲಕ್ಕೆ ಓಡಿ ಹೋಯ್ತು. ನಾಲ್ಕು ದಿನವೂ ಒಂದೇ ಹೆಸರು, "ನೋಟ್ಸ್-" ಆದ್ಮೇಲೆ ಏನೂ ಇಲ್ಲ, ಹಿಂದಿನ ದಿನದ್ದರ ಮೇಲೇ ಹೊಸದು. ಉಳಿದಿದ್ದು ಕೊನೇದು ಒಂದೇ.

ಎರರ್ ಬಂದ ತಕ್ಷಣ ಶೆಲ್ ಕ್ಲೋಸ್ ಆಗ್ಬೇಕಿತ್ತು ಅಂತ ನಾನು ಹೇಳಲ್ಲ. ಸ್ಟಾರ್ಟಪ್ ಫೈಲಲ್ಲಿ ಒಂದು ಮಾಡ್ಯೂಲ್ ಸಿಗ್ಲಿಲ್ಲ ಅಂತ ಶೆಲ್ಲೇ ಮುಚ್ಕೊಂಡ್ರೆ ದೂರದ ಸರ್ವರ್‌ಗೆ ಲಾಗಿನ್ನೇ ಆಗಲ್ಲ, ಸರಿ ಮಾಡೋದಾದ್ರೂ ಹೇಗೆ? ಅಲ್ಲಿ ಪ್ರಾಂಪ್ಟ್ ಕೊಡ್ಲೇಬೇಕು, ಕೊಡುತ್ತೆ ಕೂಡ. ಆದ್ರೆ ಸ್ಕ್ರಿಪ್ಟ್, ಫಂಕ್ಷನ್ ಒಳಗೆ ನಿಲ್ಲೋದೇ ಡೀಫಾಲ್ಟ್ ಇರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೈಕ್ರೋಸಾಫ್ಟ್‌ನ ಪವರ್‌ಶೆಲ್‌ನಲ್ಲೂ ಇದೇ ಕಥೆ, ಇಂಪೋರ್ಟ್ ಮಾಡ್ಯೂಲ್ ಫೇಲ್ ಆದ್ರೂ ಎರರ್‌ಆಕ್ಷನ್ ಸ್ಟಾಪ್ ಅಂತ ಹಾಕಿಲ್ಲ ಅಂದ್ರೆ ಮುಂದಿನ ಸಾಲು ಓಡ್ತಾನೇ ಇರುತ್ತೆ.

ಈಗ ನಾನು ಪ್ರತಿ ಝೆಡ್‌ಮೋಡ್‌ಲೋಡ್ ಆದ್ಮೇಲೆ ಅದೇ ಸಾಲಲ್ಲಿ ಎರಡು ಪೈಪ್ (||) ಹಾಕಿ ರಿಟರ್ನ್ 1 ಅಂತ ಬರೀತೀನಿ, ಲೋಡ್ ಫೇಲ್ ಆದ್ರೆ ಫಂಕ್ಷನ್ ಅಲ್ಲೇ ನಿಲ್ಲುತ್ತೆ. ಇಲ್ದಿದ್ರೂ ನಡೆಯುತ್ತೆ ಅನ್ನೋ ಮಾಡ್ಯೂಲ್‌ಗೆ ಹೈಫನ್ ಎಸ್ ಆಪ್ಷನ್ ಇದೆ, ಮಾಡ್ಯೂಲ್ ಇಲ್ಲ ಅಂದ್ರೆ ಸುಮ್ನಿರುತ್ತೆ, ಮಾಡ್ಯೂಲ್ ಇದ್ದು ಕೆಟ್ಟಿದ್ರೆ ಹೇಳುತ್ತೆ, ಇದು ನಂಗೆ ತುಂಬಾ ಇಷ್ಟ ಆಯ್ತು. ಮೆಸೇಜಲ್ಲಿ ಯಾವ ಮಾಡ್ಯೂಲ್, ಯಾವ ಪಾತ್ ಅಂತ ಪೂರ್ತಿ ಇರುತ್ತೆ, ಅದಕ್ಕೂ ಮಾರ್ಕ್ಸ್ ಕೊಡ್ತೀನಿ. ಇನ್ನೊಂದು ಸಾಲು ಸೇರ್ಸಿ "ಶೆಲ್ ವರ್ಷನ್ ಬದಲಾಗಿದೆ, ಎಕ್ಸೆಕ್ ಝೆಡ್‌ಎಸ್‌ಎಚ್ ಕೊಡಿ" (ಹಳೇ ಶೆಲ್ ಜಾಗದಲ್ಲಿ ಹೊಸದನ್ನ ಶುರು ಮಾಡೋ ಕಮಾಂಡ್) ಅಂದಿದ್ರೆ ನಂಗೆ ಮೊದಲ ದಿನವೇ ಗೊತ್ತಾಗ್ತಿತ್ತು.

ಐದಕ್ಕೆ ನಾಲ್ಕು ಸ್ಟಾರ್.