ಹಳೆಯ ಗೇಮ್ ಡಬ್ಬಿ ಕೊಳ್ಳುವವರೇ, ದುಡ್ಡು ಹಾಕುವ ಮುಂಚೆ ಇದನ್ನು ಓದಿ

ಹಳೆಯ ಕಂಪ್ಯೂಟರ್ ಗೇಮ್‌ಗಳ ದೊಡ್ಡ ರಟ್ಟಿನ ಡಬ್ಬಿ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ‘ಒರಿಜಿನಲ್, 1999ರದ್ದು, ಒಳಗಿನ ಪುಸ್ತಕ ಹಾಳೆ ಎಲ್ಲಾ ಸಮೇತ’ ಅಂತ ಹೇಳಿ ಒಬ್ಬ ನನಗೆ ಹೊಸದಾಗಿ ಪ್ರಿಂಟ್ ಹೊಡೆದ ಡಬ್ಬಿ ಮಾರಿದ್ದಾನೆ. ಏಳೂವರೆ ಸಾವಿರ ರೂಪಾಯಿ! ಬರೆಯುವಾಗಲೂ ಕೈ ನಡುಗುತ್ತಿದೆ.

ಗೇಮ್ ಯಾವುದು ಅಂದರೆ ಏಜ್ ಆಫ್ ಎಂಪೈರ್ಸ್ 2, ಒಂದು ನಾಗರಿಕತೆ ಆರಿಸಿ ಊರು ಕಟ್ಟಿ ಯುದ್ಧ ಮಾಡುವ ಗೇಮ್. ನಮ್ಮ ಕಲಬುರಗಿ ಇನ್ನೂ ಗುಲ್ಬರ್ಗ ಆಗಿದ್ದ ಕಾಲ. ಸೂಪರ್ ಮಾರ್ಕೆಟ್ ಕಡೆ ಸಿಗುತ್ತಿದ್ದದ್ದೆಲ್ಲ ಕಾಪಿ ಹೊಡೆದ ಸಿಡಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು. ಒರಿಜಿನಲ್ ಡಬ್ಬಿ ಮೊದಲು ನೋಡಿದ್ದು ಕಾಕಾ ಹೈದರಾಬಾದಿನಿಂದ ತಂದಾಗ. ಒಳಗೆ ದಪ್ಪ ಪುಸ್ತಕ, ಜೊತೆಗೆ ಮಡಚಿಟ್ಟ ದೊಡ್ಡ ಹಾಳೆ. ಅದನ್ನು ನೆಲದ ಮೇಲೆ ಹಾಸಿದರೆ 13 ನಾಗರಿಕತೆಗಳೂ ಕಣ್ಣ ಮುಂದೆ, ಯಾರಿಗೆ ಯಾವ ಸೈನಿಕ ಸಿಗುತ್ತಾನೆ, ಯಾವುದಾದ ಮೇಲೆ ಯಾವುದು ಅಂತ. ನಾನು ಮತ್ತು ನನ್ನ ತಮ್ಮ ಕಂಪ್ಯೂಟರಿಗಿಂತ ಜಾಸ್ತಿ ಆ ಹಾಳೆ ಮುಂದೆ ಕೂತಿದ್ದೇವೆ. ಆಮೇಲೆ ಮನೆ ಬದಲಿಸುವಾಗ ಡಬ್ಬಿ ರದ್ದಿಗೆ ಹೋಯಿತು.

ಅದಕ್ಕೇ ಇಷ್ಟು ವರ್ಷ ಹುಡುಕಿದ್ದು. ಕೊನೆಗೆ ಒಬ್ಬ ಸಿಕ್ಕ. ಫೋಟೋ ಕಳಿಸಿದ, ಎಲ್ಲ ಚೆನ್ನಾಗಿತ್ತು. ‘ಇದು ರೀಪ್ರಿಂಟ್ ಅಲ್ಲ ಅಲ್ವಾ?’ ಅಂತ ಕೇಳಿದ್ದೆ, ‘ನೂರಕ್ಕೆ ನೂರು ಒರಿಜಿನಲ್ ಸರ್’ ಅಂದ. ಆ ಮೆಸೇಜ್ ಈಗಲೂ ನನ್ನ ಹತ್ತಿರ ಇದೆ. ಪೂರ್ತಿ ದುಡ್ಡು ಮುಂಚೆಯೇ ಬೇಕು ಅಂದ, ಫೋನ್‌ಪೇ ಮಾಡಿದೆ.

ಕೊರಿಯರ್ ಬಂದ ದಿನ ತಮ್ಮನನ್ನೂ ಕರೆಸಿದ್ದೆ. ಮನೆಯವರೆಲ್ಲ ಸುತ್ತ ಕೂತಿದ್ದರು. ಕವರ್ ಬಿಚ್ಚಿದ ತಕ್ಷಣ ಹೊಸ ಇಂಕಿನ ವಾಸನೆ. ಇಪ್ಪತ್ತೈದು ವರ್ಷ ಹಳೆಯ ಡಬ್ಬಿಗೆ ಹೊಸ ಇಂಕಿನ ವಾಸನೆ ಹೇಗೆ ಬರುತ್ತದೆ ಹೇಳಿ? ಬೆವರಿದ ಬೆರಳು ತಾಗಿದ ಕಡೆ ನೀಲಿ ಬಣ್ಣ ಎದ್ದು ಬಂತು. ಸಿಡಿ ತಿರುಗಿಸಿ ನೋಡಿದರೆ ಅಡಿಭಾಗ ಹಸಿರು ಹಸಿರು, ಅಂದರೆ ಮನೆಯಲ್ಲೇ ರೈಟ್ ಮಾಡಿದ ಸಿಡಿ. ಆ ಹಾಳೆ ತೆಗೆದೆ. ಎ4 ಕಾಗದಗಳನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿದ್ದ! ಅಕ್ಷರಗಳೆಲ್ಲ ಮಸುಕು. ತಮ್ಮ ಏನೂ ಮಾತಾಡಲಿಲ್ಲ, ಹಾಳೆ ಮಡಚಿ ಇಟ್ಟ. ಅವ್ವ ಮಾತ್ರ ‘ಖಾಲಿ ಡಬ್ಬಿಗೆ ಇಷ್ಟ್ ರೊಕ್ಕಾ ಕೊಟ್ಟೇನಪಾ?’ ಅಂದಳು. ಎಲ್ಲರ ಮುಂದೆ ತಲೆ ಎತ್ತಲು ಆಗಲಿಲ್ಲ.

ಇನ್ನು ಮಾರಿದವನ ಉತ್ತರ ಕೇಳಿ. ಮೊದಲು ‘ಡಬ್ಬಿ ಒರಿಜಿನಲ್ಲೇ ಸರ್, ಪ್ರಿಂಟ್ ಮಾತ್ರ ಹೊಸದು’ ಅಂದ. ಇದಕ್ಕೇನು ಅರ್ಥ? ಸಿಡಿ ಫೋಟೋ ಕಳಿಸಿದ ಮೇಲೆ ‘ಸಿಡಿ ಒರಿಜಿನಲ್ ಅಂತ ನಾನು ಹೇಳೇ ಇಲ್ಲ’ ಅಂದ. ಅವನದ್ದೇ ಮೆಸೇಜ್ ತೋರಿಸಿದೆ. ಆಗ ಬಂತು ನೋಡಿ ಮಾತು: ‘ಗೇಮ್ ಈಗ ಎಲ್ಲಿ ಬೇಕಾದ್ರೂ ಸಿಗುತ್ತೆ ಸರ್, ರಟ್ಟಿನ ಡಬ್ಬಿಗೆ ಯಾಕೆ ಇಷ್ಟು ತಲೆ ಕೆಡಿಸ್ಕೊತೀರಾ?’ ಆಮೇಲೆ ಬ್ಲಾಕ್.

ದುಡ್ಡಿಗಿಂತ ಈ ಮಾತೇ ಹೆಚ್ಚು ಉರಿಸಿತು. ರಟ್ಟಿಗೆ ಬೆಲೆ ಇಲ್ಲ ಅನ್ನುವವನು ಅದಕ್ಕೇ ಏಳೂವರೆ ಸಾವಿರ ತೆಗೆದುಕೊಂಡಿದ್ದು ಯಾಕೆ? ಆ ಕಾಲದಲ್ಲಿ ಡಬ್ಬಿಯಲ್ಲಿ ಬರುತ್ತಿದ್ದದ್ದೂ ಗೇಮಿನ ಭಾಗವೇ ಆಗಿತ್ತು. ಡಾಸ್‌ನಲ್ಲಿ (ವಿಂಡೋಸ್‌ಗೂ ಮುಂಚಿನ ಕಂಪ್ಯೂಟರ್ ವ್ಯವಸ್ಥೆ) ಪ್ರಿನ್ಸ್ ಆಫ್ ಪರ್ಷಿಯಾ ಗೇಮ್ ಆಡಿದವರಿಗೆ ಮೊದಲ ಹಂತದ ನಂತರದ ಬಾಟಲಿಗಳ ಕೋಣೆ ನೆನಪಿರಬೇಕು. ಪುಸ್ತಕದ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಬಾಟಲಿಯನ್ನೇ ಕುಡಿಯಬೇಕಿತ್ತು. 1990ರ ಮಂಕಿ ಐಲ್ಯಾಂಡ್ ಗೇಮಿನ ಡಬ್ಬಿಯಲ್ಲಿ ರಟ್ಟಿನ ಚಕ್ರವೇ ಇತ್ತು, ಕಡಲ್ಗಳ್ಳನ ಮುಖ ಜೋಡಿಸಿ ಅದು ತೋರಿಸುವ ವರ್ಷ ಹೊಡೆದರೇನೇ ಗೇಮ್ ಶುರು. 2000ದ ನಂತರ ಡಬ್ಬಿ ಸಣ್ಣದಾಗುತ್ತಾ ಹೋಯಿತು, ಡಿವಿಡಿ ಕವರಿನಷ್ಟಾಯಿತು, ಈಗ ಅದೂ ಇಲ್ಲ. ಉಳಿದಿರೋದೇ ಕಡಿಮೆ, ಅದರಲ್ಲೂ ಇಂಥವರು.

ರೀಪ್ರಿಂಟ್ ಮಾಡೋದು ತಪ್ಪಲ್ಲ. ರೀಪ್ರಿಂಟ್ ಅಂತ ಹೇಳಿ ಮಾರಲಿ, ನಾನೇ ಕೊಳ್ಳುತ್ತೇನೆ. ಸುಳ್ಳು ಹೇಳಬಾರದು ಅಷ್ಟೇ.

ನೀವು ಕೊಳ್ಳುವುದಾದರೆ ಸಿಡಿಯ ಅಡಿಭಾಗದ ಫೋಟೋ ಕೇಳಿ. ಫ್ಯಾಕ್ಟರಿ ಸಿಡಿ ಬೆಳ್ಳಿ ಬಣ್ಣ ಇರುತ್ತದೆ, ನಡುವಿನ ಉಂಗುರದಲ್ಲಿ ನಂಬರ್ ಇರುತ್ತದೆ, ಆ ಕಾಲದವುಗಳಲ್ಲಿ ಸಾಮಾನ್ಯವಾಗಿ ‘ಐಎಫ್‌ಪಿಐ’ (ಧ್ವನಿಮುದ್ರಣ ಕಂಪನಿಗಳ ಅಂತರರಾಷ್ಟ್ರೀಯ ಸಂಘದ ಹೆಸರು) ಅಂತ ಸಣ್ಣ ಅಕ್ಷರವೂ ಸಿಗುತ್ತದೆ. ಡಬ್ಬಿಯ ಮೂಲೆಯನ್ನು ತೀರಾ ಹತ್ತಿರದಿಂದ ತೆಗೆಯಲು ಹೇಳಿ. ಹಳೆಯ ಆಫ್‌ಸೆಟ್ ಪ್ರಿಂಟಿನಲ್ಲಿ ಬಣ್ಣದ ಚುಕ್ಕಿಗಳು ಸಣ್ಣ ಹೂವಿನಂತೆ ಕೂತಿರುತ್ತವೆ, ಇಂಕ್‌ಜೆಟ್‌ನಲ್ಲಿ ಚೆಲ್ಲಾಪಿಲ್ಲಿ. ಫೋಟೋ ಕೊಡಲು ಒಲ್ಲೆ ಅಂದವನಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಪೂರ್ತಿ ದುಡ್ಡು ಮುಂಚೆಯೇ ಬೇಕು ಅಂದರೂ ಬೇಡ. ಮೋಸ ಆದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾನು ಮಾಡಿದ್ದೇನೆ.

ನಿನ್ನೆ ತಮ್ಮನ ನಂಬರಿನಿಂದ ನೋಡಿದೆ. ಆ ಮೋಸಗಾರ ನನಗೆ ಕಳಿಸಿದ ಅದೇ ಫೋಟೋ ಹಾಕಿ, ಇನ್ನೊಂದು ‘ಒರಿಜಿನಲ್’ ಇದೆ ಅಂತ ಬರೆದಿದ್ದಾನೆ. ಈ ಸಲ ಎಂಟು ಸಾವಿರ.