ಕಂಪೌಂಡ್ ತೊಳೆಸುವ ಮುಂಚೆ ಕ್ಯಾನಿನಲ್ಲಿ ಏನುಂಟು ಅಂತ ಕೇಳಿ

ಮಳೆ ಹಿಂದೆ ಸರಿಯುತ್ತಿದ್ದಂತೆ ನಮ್ಮ ಉಡುಪಿ ಕಡೆ ಪಿಕಪ್‌ಗಳ ಓಡಾಟ ಶುರುವಾಗುತ್ತದೆ. ಹಿಂದುಗಡೆ ನೀರಿನ ಟ್ಯಾಂಕು, ಪ್ರೆಶರ್ ವಾಷರ್, ಚೀಟಿ ಹರಿದ ನಾಲ್ಕು ಬಿಳಿ ಕ್ಯಾನು. "ಕಂಪೌಂಡ್ ಕ್ಲೀನ್ ಮಾಡ್ಲಿಕ್ಕುಂಟಾ ಸರ್?" ಕಳೆದ ವರ್ಷ ಅಕ್ಟೋಬರ್ ಕೊನೆಯಲ್ಲಿ ನಾನು "ಉಂಟು" ಅಂದೆ. ಮೊನ್ನೆ ಅಂಥದೇ ಒಂದು ಪಿಕಪ್ ನಮ್ಮ ಓಣಿಯಲ್ಲಿ ನಿಧಾನಕ್ಕೆ ಹೋಗುವುದು ಕಂಡಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸಮುದ್ರದಿಂದ ಮೂರು ಕಿಲೋಮೀಟರ್ ಒಳಗಿರುವ ಹಳೆಯ ಮನೆ. ಬೇಲಿಯನ್ನು ಒಂದೇ ಸಲಕ್ಕೆ ಹಾಕಿದ್ದಲ್ಲ, ಕೈಯಲ್ಲಿ ದುಡ್ಡು ಬಂದ ಹಾಗೆ ಒಂದೊಂದು ಬದಿ. ರಸ್ತೆಯ ಕಡೆ ಅಜ್ಜ ಕಟ್ಟಿಸಿದ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಪಾಗಾರ. ಬಲಗಡೆ ಅಪ್ಪಯ್ಯ ಎಬ್ಬಿಸಿದ ಸಿಮೆಂಟ್ ಗಾರೆಯ ಗೋಡೆ. ಹಿಂದೆ ತೋಟದ ಬದಿಗೆ ಕಲ್ಲುಕಂಬಕ್ಕೆ ಬಿಗಿದ ಜಿಐ ಚೈನ್‌ಲಿಂಕ್ (ಸತು ಲೇಪಿಸಿದ ಕಬ್ಬಿಣದ ತಂತಿಬಲೆ), ಅದರ ನಡುವೆ ಹಲಸಿನ ಹಲಗೆಯ ಸಣ್ಣ ಗೇಟು. ಎದುರಿನ ಸ್ಟೇನ್‌ಲೆಸ್ ಸ್ಟೀಲ್ ಗೇಟು ಮಾತ್ರ ನನ್ನ ಕಾಣಿಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಊರಿದು. ಚೌತಿ ಹೊತ್ತಿಗೆ ಕಲ್ಲು, ಗಾರೆ, ಮರ ಎಲ್ಲದರ ಮೇಲೂ ಹಾವಸೆ ಹಿಡಿದು ಯಾವುದು ಯಾವುದೆಂದು ಗುರುತೇ ಸಿಗುವುದಿಲ್ಲ. ತಂಗಿಯ ನಿಶ್ಚಿತಾರ್ಥ ಮನೆಯಲ್ಲೇ ಇತ್ತು, ಬೀಗರು ಮೊದಲ ಸಲ ಬರುವವರು. ಬಂದ ಇಬ್ಬರು 14,000 ಹೇಳಿ 11,000ಕ್ಕೆ ಒಪ್ಪಿದರು. "ಎಲ್ಲದಕ್ಕೂ ಒಂದೇ ಮದ್ದು ಸರ್, ಸಂಜೆಯೊಳಗೆ ಹೊಸತು." ಆ ಒಂದೇ ಮಾತಿಗೆ ಅವರನ್ನು ಗೇಟಿನಿಂದಲೇ ವಾಪಸ್ ಕಳಿಸಬೇಕಿತ್ತು.

ಶುರುವಾದದ್ದು ಗಾರೆ ಗೋಡೆಯಿಂದ. ಅದರ ಮೇಲೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಪಟ್ಟೆಗಳಿದ್ದವು. ದೊಡ್ಡವನು ನೋಡಿ, "ಒಳಗಿನ ಕಬ್ಬಿಣದ ತುಕ್ಕು ಸರ್, ಆಸಿಡ್ ಹಾಕ್ಬೇಕು" ಅಂದ. ಆ ಗೋಡೆಯಲ್ಲಿ ಕಬ್ಬಿಣವೇ ಇಲ್ಲ ಅಂತ ಅಪ್ಪಯ್ಯ ಜಗಲಿಯಿಂದ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಭಾವ ಆಮೇಲೆ ಉಳಿದಿದ್ದ ಒಂದು ಪಟ್ಟೆಯನ್ನು ಉಗುರಿನಲ್ಲಿ ಕೆರೆದು ತೋರಿಸಿದರು. ಮಖಮಲ್ಲಿನ ಪುಡಿಯಂತೆ ಎದ್ದು ಬಂತು. ಅದು ಟ್ರೆಂಟಿಪೋಲಿಯ ಎನ್ನುವ ಪಾಚಿ. ಹಸಿರು ಪಾಚಿಗಳ ಕುಲದ್ದೇ, ಆದರೆ ಕ್ಯಾರೆಟ್ಟಿನ ಬಣ್ಣಕ್ಕೆ ಕಾರಣವಾದಂಥದೇ ವರ್ಣದ್ರವ್ಯ ತುಂಬಿಕೊಂಡು ಹಸಿರನ್ನು ಮುಚ್ಚಿಬಿಡುತ್ತದೆ. ತೇವದ ಗೋಡೆ ಸಿಕ್ಕಿದರೆ ಸಾಕು ಅದಕ್ಕೆ. ಇಲ್ಲದ ತುಕ್ಕಿಗೆ ನಾವು ಆಸಿಡ್ ಎರಚಿಸಿದ್ದೆವು.

ಆಸಿಡ್ ಅಂದರೆ ಪಾಯಿಖಾನೆ ತೊಳೆಯುವ ಅದೇ ಹೈಡ್ರೋಕ್ಲೋರಿಕ್. ಗೋಡೆಗೆ ಬಿದ್ದ ಕೂಡಲೇ ಬುಸುಗುಟ್ಟಿ ನೊರೆ ಬಂತು. ಕೊಳೆ ಬಿಡುತ್ತಿದೆ ಅಂತ ನಾನು ಖುಷಿಪಟ್ಟೆ. ನಿಜಕ್ಕೂ ಬಿಡುತ್ತಿದ್ದದ್ದು ಸಿಮೆಂಟು. ಅದರಲ್ಲಿರುವ ಸುಣ್ಣದ ಅಂಶ ಆಸಿಡ್ಡಿಗೆ ಕರಗುತ್ತದೆ. ತೊಳೆದು ಒಣಗಿದ ಮೇಲೆ ಮುಟ್ಟಿದರೆ ಮರಳು ಕೈಗೆ ಬರುತ್ತಿತ್ತು. ಒರಟಾದ ಗೋಡೆ ನೀರು ಹಿಡಿಯುವುದೂ ಜಾಸ್ತಿ, ಹಾವಸೆ ಕೂರುವುದೂ ಬೇಗ. ಈ ವರ್ಷ ಜುಲೈ ಮುಗಿಯುವುದರೊಳಗೆ ಮೊದಲಿಗಿಂತ ದಟ್ಟವಾಗಿ ಹಸಿರಾಗಿದೆ.

ಇಷ್ಟು ಹೊತ್ತಿಗೆ ಮುರಕಲ್ಲಿನ ಕಡೆ ಜೆಟ್ ಬಿಟ್ಟಿದ್ದರು. ಕೊಳವೆಯ ಮೂತಿಯನ್ನು ಕಲ್ಲಿಗೆ ಗೇಣು ದೂರದಲ್ಲಿ ಹಿಡಿದು. ಮುರಕಲ್ಲನ್ನು ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಇದೇ ಗುಣವನ್ನು ಕಂಡು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನ "ಲೇಟರ್" ಅಂದರೆ ಇಟ್ಟಿಗೆ. ಆದರೆ ಎಷ್ಟು ಗಟ್ಟಿಯಾದರೂ ಅದರ ತೂತುಗಳೊಳಗಿನ ಜೇಡಿ ಮೆತ್ತಗೇ. ಜೆಟ್ಟು ಅದನ್ನು ಬಗೆದು ತೆಗೆಯಿತು. ಅಂಗಳದಲ್ಲಿ ಕೆಂಪು ನೀರು ಹರಿಯಿತು, ಸಂದಿಗೆ ಮೆತ್ತಿದ್ದ ಗಾರೆ ಚಕ್ಕೆಚಕ್ಕೆಯಾಗಿ ಕೆಳಗೆ ಬಿತ್ತು. ಅರುವತ್ತು ವರ್ಷ ಮಳೆಗೆ ಹೆದರದ ಗೋಡೆ ಒಂದು ಮಧ್ಯಾಹ್ನಕ್ಕೆ ಜೇನುಗೂಡಿನ ಹಾಗಾಯಿತು. ಅಪ್ಪಯ್ಯ ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು.

ಹಾಳಾದ ವಸ್ತುವಿನ ಮಾತು ಹಾಗಿರಲಿ. ನಿಜವಾಗಿ ಹೆದರಿಸಿದ್ದು ಮೂರೂವರೆ ಗಂಟೆಗೆ ಆದದ್ದು.

ಗಾರೆ ಗೋಡೆಯ ಬುಡದಲ್ಲಿ ಆಸಿಡ್ ಇನ್ನೂ ನಿಂತಿತ್ತು. ಜೊತೆಗಿದ್ದ ಹುಡುಗ, ಇಪ್ಪತ್ತೂ ಆಗಿರಲಿಕ್ಕಿಲ್ಲ, ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಗ್ಲೌಸಿಲ್ಲ, "ಇನ್ನೂ ಬೆಳ್ಳಗಾಗ್ಲಿ" ಅಂತ ಅದರ ಮೇಲೇ ಬ್ಲೀಚಿಂಗ್ ಪೌಡರ್ ಚೆಲ್ಲಿದ. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರ, ಮೇಲೇರಿ ಹೋಗದೆ ನೆಲದ ಮೇಲೇ ಹರಡುತ್ತದೆ. ಹುಡುಗ ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದ. ಒಮ್ಮೆಲೇ ಕೆಮ್ಮು, ಕಣ್ಣಲ್ಲಿ ನೀರು, ಎದ್ದು ನಿಲ್ಲಲಿಕ್ಕೂ ಆಗಲಿಲ್ಲ. ಎಳೆಯಲು ಹೋದ ಅಪ್ಪಯ್ಯನಿಗೂ ಉಸಿರು ಕಟ್ಟಿತು. ಎಪ್ಪತ್ತನಾಲ್ಕು ವರ್ಷ ಅವರಿಗೆ. ಇಬ್ಬರನ್ನೂ ಗಾಳಿ ಬೀಸಿ ಬರುವ ಕಡೆಗೆ, ಎತ್ತರದ ಜಗಲಿಗೆ ಎಳೆದು ತಂದೆವು. ಅಮ್ಮ ಚೊಂಬು ಚೊಂಬು ನೀರು ಹೊಯ್ದು ಕಣ್ಣು ತೊಳೆಸಿದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ರಾತ್ರಿ ಅಲ್ಲೇ ಉಳಿಸಿಕೊಂಡರು. ಉಸಿರಾಟ ಸರಿಹೋದಂತೆ ಕಂಡರೂ ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು, ಆದ್ದರಿಂದ ಮನೆಗೆ ಬಿಡುವುದಿಲ್ಲ ಎಂದರು ಡಾಕ್ಟರು. ಹುಡುಗನ ಧಣಿ ಆಸ್ಪತ್ರೆ ಬಾಗಿಲ ತನಕ ಬಂದು, ಪಿಕಪ್ ತಿರುಗಿಸಿಕೊಂಡು ಹೋದ.

ಉಳಿದವು ಒಂದೊಂದಾಗಿ ತಿಂಗಳುಗಟ್ಟಲೆ ಹೊರಬಂದವು. ಚೈನ್‌ಲಿಂಕ್ ತಂತಿಗೆ ಹಚ್ಚಿದ ಸತು ಆಸಿಡ್ಡಿಗೆ ಕರಗಿತ್ತು. ನಿಶ್ಚಿತಾರ್ಥದ ದಿನ ಪಳಪಳ ಹೊಳೆದ ಬೇಲಿ ಶಿವರಾತ್ರಿ ಹೊತ್ತಿಗೆ ಬುಡದಲ್ಲಿ ಪೂರ್ತಿ ಕೆಂಪು. ಕಡಲ ಗಾಳಿ ಬಾಕಿ ಕೆಲಸ ಮುಗಿಸಿತು. "ತುಕ್ಕೇ ಹಿಡಿಯದ" ಸ್ಟೇನ್‌ಲೆಸ್ ಗೇಟಿನಲ್ಲೂ ಕಂದು ಚುಕ್ಕೆಗಳು, ಸೂಜಿ ಚುಚ್ಚಿದಂತೆ. ಹಲಸಿನ ಗೇಟಿಗೆ ಅಪ್ಪಯ್ಯ ವರ್ಷ ವರ್ಷ ಬಳಿಯುತ್ತಿದ್ದ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಜೆಟ್ಟಿಗೆ ಹೋಗಿ ಹಲಗೆಯ ನಾರು ಎದ್ದು ನಿಂತಿತು, ಗೆದ್ದಲು ದಾರಿ ಕಂಡುಕೊಂಡಿತು. ಬಸಳೆ ಚಪ್ಪರ ಸುಟ್ಟು ಹೋಯಿತು. ಬಾವಿಗೆ ಆ ನೀರು ಇಳಿಯದೇ ಇದ್ದದ್ದು ಅಮ್ಮ ಬೇಗ ಹಾರೆ ಹಿಡಿದು ತೋಡು ತಿರುಗಿಸಿದ್ದರಿಂದ. ರಿಪೇರಿಗೆ ಈವರೆಗೆ 46,000 ಹೋಗಿದೆ. ಆಸ್ಪತ್ರೆ ಖರ್ಚು ಬೇರೆ.

ಈಗ ಮುರಕಲ್ಲಿನ ಸಂದಿ ಮೆತ್ತಲು ಬಂದ ಮೇಸ್ತ್ರಿ ನಕ್ಕರು. "ಅಕ್ಟೋಬರಲ್ಲಿ ಯಾರು ತೊಳೀತಾರೆ ಮಾರಾಯ್ರೆ, ಗೋಡೆ ಇನ್ನೂ ನೀರು ಕುಡಿದು ಕೂತಿರ್ತದೆ. ಡಿಸೆಂಬರ್ ಬಿಸಿಲಿಗೆ ಹಾವಸೆ ಒಣಗಿದ ಮೇಲೆ ಹಿಡಿಸೂಡಿಯಲ್ಲಿ ಗುಡಿಸಿದರೆ ಅರ್ಧ ಹಾಗೇ ಉದುರ್ತದೆ." ಮುರಕಲ್ಲಿಗೆ ಅಷ್ಟೇ ಸಾಕಂತೆ, ಜರಿಗಿಡದ ಬೇರನ್ನು ಮಾತ್ರ ಕೈಯಲ್ಲಿ ಕೀಳಬೇಕು. ಗಾರೆ ಗೋಡೆಗೆ ತಿಳಿಯಾದ ಬ್ಲೀಚಿಂಗ್ ನೀರು ಆಗುತ್ತದೆ. ಮೊದಲು ಗೋಡೆಯನ್ನು ಬರೇ ನೀರಲ್ಲಿ ನೆನೆಸಬೇಕು, ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು, ಮತ್ತು ಆಸಿಡ್ ಆ ಅಂಗಳಕ್ಕೇ ಬರಬಾರದು. ತಂತಿ ಬೇಲಿಗೂ ಸ್ಟೀಲ್ ಗೇಟಿಗೂ ಸೋಪಿನ ನೀರು, ಮೆತ್ತನೆ ಬ್ರಷ್ಷು. ಮರಕ್ಕೂ ಅದೇ, ಆಮೇಲೆ ನಾಲ್ಕು ದಿನ ಒಣಗಲು ಬಿಟ್ಟು ಗೇರೆಣ್ಣೆ. ಗೋಡೆಯ ತಲೆಗೆ ಇಳಿಜಾರಿನ ಹೊದಿಕೆ ಹಾಕಿಸಿ, ನೆರಳು ಬೀಳಿಸುವ ಮಾವಿನ ಕೊಂಬೆ ಕಡಿಸಿ ಅಂದರು. ಹಿಂದೆ ಮಣ್ಣಿನ ಗೋಡೆಗಳಿಗೆ ಮಳೆಗಾಲದಲ್ಲಿ ತೆಂಗಿನ ಮಡಲು ಹೊದೆಸುತ್ತಿದ್ದದ್ದು ಸುಮ್ಮನೆಯಾ ಅಂತ ನನ್ನನ್ನೇ ಕೇಳಿದರು.

ನಿಮ್ಮಲ್ಲಿಗೂ ಯಾರಾದರೂ ಬಂದರೆ ಕ್ಯಾನಿನಲ್ಲಿ ಏನುಂಟು ಅಂತ ಹೆಸರು ಹೇಳಿಸಿ. "ಕೆಮಿಕಲ್ ಸರ್" ಅಂದರೆ ಬಾಗಿಲು ಹಾಕಿ. ಹೇಳಿದರೂ ಮೊದಲು ಹಿತ್ತಿಲ ಮೂಲೆಯಲ್ಲಿ ಒಂದು ಗೇಣು ಜಾಗದಲ್ಲಿ ಮಾಡಿಸಿ, ಎರಡು ದಿನ ಒಣಗಿದ ಮೇಲೆ ಕೈ ಸವರಿ ನೋಡಿ.

ಅವರು ಬಿಟ್ಟುಹೋದ ಎರಡು ಅರ್ಧ ಕ್ಯಾನು ಇನ್ನೂ ನಮ್ಮ ಕೊಟ್ಟಿಗೆಯಲ್ಲಿವೆ. ಅಪ್ಪಯ್ಯ ಒಂದರ ಮೇಲೆ ಕೆಂಪು ಪೇಂಟಿನಲ್ಲಿ "ಆಸಿಡ್" ಅಂತ ಬರೆದಿದ್ದಾರೆ, ಇನ್ನೊಂದರ ಮೇಲೆ ಪ್ರಶ್ನೆಚಿಹ್ನೆ ಹಾಕಿದ್ದಾರೆ. ತೆಗೆದುಕೊಂಡು ಹೋಗಿ ಅಂತ ಮೂರು ಸಲ ಫೋನು ಮಾಡಿದೆ. ಈಗ ನನ್ನ ನಂಬರು ಎತ್ತುವುದಿಲ್ಲ.