‘ಅಷ್ಟೇನೂ ಭಯವಿಲ್ಲ’ ಎಂಬ ಅಭಿಪ್ರಾಯ ನಂಬಿ ಮಕ್ಕಳಿಗೆ ಸಿನಿಮಾ ತೋರಿಸಿದೆ

2000ನೇ ಇಸವಿಯಲ್ಲಿ ತೆರೆಕಂಡ ‘ಅರ್ಬನ್ ಲೆಜೆಂಡ್ಸ್: ಫೈನಲ್ ಕಟ್’ ಎಂಬ ಅಮೆರಿಕದ ಸಿನಿಮಾವನ್ನು ಮನೆಯಲ್ಲಿ ಮಕ್ಕಳ ಜೊತೆ ಕುಳಿತು ನೋಡಬೇಕೆಂದಿರುವವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಕಿಡ್ನಿಯ ಶಸ್ತ್ರಚಿಕಿತ್ಸೆ ಆಗಿದ್ದರೆ, ದಯವಿಟ್ಟು ಇದನ್ನು ಓದಿದ ಮೇಲೆ ನಿರ್ಧರಿಸಬೇಕು. ನಾನು ಹಾಗೆ ಮಾಡಲಿಲ್ಲ. ಸಿನಿಮಾ ನೋಡಿದವರ ಅಭಿಪ್ರಾಯಗಳನ್ನು ಒಂದು ತಾಸು ಓದಿದೆನಾದರೂ, ನನಗೆ ಬೇಕಾಗಿದ್ದ ಒಂದು ಸಂಗತಿ ಅವುಗಳಲ್ಲಿ ಇರಲಿಲ್ಲ.

ನಾನು ಇರುವುದು ಧಾರವಾಡದ ಮಾಳಮಡ್ಡಿಯಲ್ಲಿ. ದೀಪಾವಳಿಯ ರಜೆಗೆ ಹಾವೇರಿಯಿಂದ ಅಕ್ಕ, ಭಾವ ಮತ್ತು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗಳು ಬಂದಿದ್ದರು. ನಮ್ಮ ಅಣ್ಣನ ಮಗಳು ಇಲ್ಲಿಯೇ ಪತ್ರಿಕೋದ್ಯಮ ಓದುತ್ತಿದ್ದು, ಗೆಳತಿಯರ ಜೊತೆ ಸೇರಿ ಕೆಲಗೇರಿ ಕೆರೆಯ ದಂಡೆಯ ಮೇಲೆ ಒಂದು ಕಿರುಚಿತ್ರ ಮಾಡುವ ತಯಾರಿಯಲ್ಲಿದ್ದಳು. ಸಿನಿಮಾ ಕಲಿಯುವ ವಿದ್ಯಾರ್ಥಿಗಳ ನಡುವೆಯೇ ನಡೆಯುವ ಕಥೆಯೊಂದಿದೆ ಎಂದು ಯಾರೋ ಹೇಳಿದ್ದರಿಂದ, ಅದನ್ನು ರಾತ್ರಿ ಎಲ್ಲರೂ ಸೇರಿ ನೋಡೋಣ ಎಂದು ಆಕೆಯೇ ಕೇಳಿದಳು. ಇಲ್ಲಿ ಇನ್ನೊಂದು ಸಂಗತಿ ಹೇಳಲೇಬೇಕು: ಕಳೆದ ವರ್ಷ ಭಾವನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದಾಗ, ಅಕ್ಕ ತನ್ನದೊಂದು ಕಿಡ್ನಿಯನ್ನು ಅವರಿಗೆ ಕೊಟ್ಟಿದ್ದಾಳೆ.

ಇದು ಸ್ಲ್ಯಾಶರ್ ಜಾತಿಯ ಸಿನಿಮಾ ಎಂಬುದು, ಅಂದರೆ ಮುಖವಾಡ ಹಾಕಿದ ಕೊಲೆಗಾರನೊಬ್ಬ ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಹೋಗುವ ಕಥೆ ಎಂಬುದು, ನನಗೆ ತಿಳಿದಿತ್ತು. ಆದ್ದರಿಂದಲೇ ಅಭಿಪ್ರಾಯಗಳನ್ನು ಹುಡುಕಿ ಓದಿದೆ. ಬಹುಪಾಲು ಜನ ಒಂದೇ ರಾಗ ಹಾಡಿದ್ದರು: 1998ರ ಮೊದಲ ಭಾಗದಷ್ಟು ಗಟ್ಟಿಯಾಗಿಲ್ಲ, ಕೊಲೆಗಾರನ ಉದ್ದೇಶ ಸಡಿಲವಾಗಿದೆ, ಭಯವೇನೂ ಆಗುವುದಿಲ್ಲ, ಸಿನಿಮಾ ಓದುವವರಿಗೆ ಮಾತ್ರ ಖುಷಿ ಕೊಡುತ್ತದೆ. ಕೆಲವರು ಇದನ್ನು 1996ರ ‘ಸ್ಕ್ರೀಮ್’ ಜೊತೆ ಹೋಲಿಸಿ, ಅದರ ಮುಂದೆ ಇದು ಮಕ್ಕಳಾಟ ಎಂದಿದ್ದರು. ಇನ್ನೊಬ್ಬರಂತೂ ಎರಡನೆಯ ಸಾಲಿನಲ್ಲೇ ಕೊಲೆಗಾರ ಯಾರೆಂದು ಹೇಳಿಬಿಟ್ಟಿದ್ದರು. ಅದನ್ನು ಓದಿದ ಬಳಿಕ ನಾನು ಅಣ್ಣನ ಮಗಳಿಗೆ ಅವುಗಳನ್ನು ತೋರಿಸದೆ ಫೋನ್ ಮುಚ್ಚಿಟ್ಟೆ. ಅಮೆರಿಕದಲ್ಲಿ ಈ ಸಿನಿಮಾಕ್ಕೆ ‘ಆರ್’ ದರ್ಜೆ ಇದೆ, 17 ವರ್ಷದೊಳಗಿನವರು ಹಿರಿಯರಿಲ್ಲದೆ ನೋಡುವಂತಿಲ್ಲ ಎಂಬುದನ್ನೂ ಓದಿದ್ದೆ. ಹಿರಿಯನಾಗಿ ನಾನೇ ಪಕ್ಕದಲ್ಲಿ ಕುಳಿತಿರುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಈ ತಪ್ಪು ಪೂರ್ತಿಯಾಗಿ ನನ್ನದೇ, ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ.

ಮೊದಲ ಹತ್ತಿಪ್ಪತ್ತು ನಿಮಿಷ ಎಲ್ಲವೂ ಚೆನ್ನಾಗಿಯೇ ಇತ್ತು. ವಿಮಾನದಲ್ಲಿ ಆರಂಭವಾಗುವ ಮೊದಲ ದೃಶ್ಯದ ತಿರುವನ್ನು ಕಂಡು ಇಬ್ಬರೂ ಹುಡುಗಿಯರು ಚಪ್ಪಾಳೆ ತಟ್ಟಿದರು. ಬಳಿಕ ಆ ದೃಶ್ಯ ಬಂತು. ಬಾರ್‌ನಲ್ಲಿ ಅಮಲೇರಿಸಲ್ಪಟ್ಟ ಯುವತಿಯೊಬ್ಬಳು ಮಂಜುಗಡ್ಡೆ ತುಂಬಿದ ಸ್ನಾನದ ತೊಟ್ಟಿಯಲ್ಲಿ ಎಚ್ಚರಗೊಳ್ಳುತ್ತಾಳೆ, ತನ್ನ ಒಡಲನ್ನು ಮುಟ್ಟಿ ನೋಡಿಕೊಳ್ಳುತ್ತಾಳೆ, ಕಿಡ್ನಿಯನ್ನು ಕೊಯ್ದು ತೆಗೆದಿರುವುದು ಅವಳಿಗೆ ತಿಳಿಯುತ್ತದೆ. ತಪ್ಪಿಸಿಕೊಳ್ಳಲು ಹೋದಾಗ ಅವಳಿಗೆ ಆಗುವುದನ್ನು ಇಲ್ಲಿ ಬರೆಯಲಾರೆ, ಅದು ಇನ್ನೂ ಕ್ರೂರ. ನಾನು ರಿಮೋಟ್ ಹುಡುಕಿ ಟಿವಿ ಆರಿಸುವಷ್ಟರಲ್ಲಿ ಕಾಣಬಾರದ್ದೆಲ್ಲ ಕಂಡಾಗಿತ್ತು. ಅಕ್ಕನ ಮಗಳು ಅಳಲಿಲ್ಲ, ಕಿರುಚಲಿಲ್ಲ. ಎದ್ದು ಒಳಗೆ ಹೋಗಿ, ಮಲಗಿದ್ದ ತಾಯಿಯ ಸೊಂಟದ ಪಕ್ಕದಲ್ಲಿ ಸೀರೆಯ ಮೇಲೆ ಕೈಯಿಟ್ಟು ಕುಳಿತುಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಆಕೆ ಕೇಳಿದ್ದು ಇಷ್ಟು: “ಮಾಮಾ, ಅವ್ವನ ಕಿಡ್ನಿ ತಗ್ಯೂ ಮುಂದ ಆಕಿಗೆ ಖರೇನ ಗೊತ್ತಿತ್ತೇನ್ರಿ?” ಒಂದು ವರ್ಷದಿಂದ ತಾಯಿಯ ಗಾಯದ ಗುರುತನ್ನು ಹೆಮ್ಮೆಯಿಂದ ನೋಡುತ್ತಿದ್ದ ಹುಡುಗಿಯ ಬಾಯಿಂದ ಬಂದ ಆ ಪ್ರಶ್ನೆಯನ್ನು ನಾನು ಇನ್ನೂ ಮರೆತಿಲ್ಲ. ಅಕ್ಕ ಮಗಳನ್ನು ಹತ್ತಿರ ಕೂರಿಸಿಕೊಂಡು, “ನಾನ ಸಹಿ ಮಾಡೇನಿ, ತಂಗಿ. ಅವರು ಕೇಳಿದಷ್ಟು ಸಲಾನೂ ಹೂಂ ಅಂದೇನಿ” ಎಂದಳು.

ನಾನೂ ತಿಳಿದಷ್ಟನ್ನು ಬಿಡಿಸಿ ಹೇಳಿದೆ. ಮಂಜುಗಡ್ಡೆಯ ತೊಟ್ಟಿಯ ಕಥೆ 1990ರ ದಶಕದಲ್ಲಿ ಬಾಯಿಂದ ಬಾಯಿಗೆ, ಬಳಿಕ ಇಮೇಲ್‌ನಿಂದ ಇಮೇಲ್‌ಗೆ ಹರಡಿದ ಒಂದು ಗಾಳಿಮಾತು. 1997ರ ಆರಂಭದಲ್ಲಿ ಅದು ಎಷ್ಟು ಹಬ್ಬಿತೆಂದರೆ, ಅಮೆರಿಕದ ನ್ಯೂ ಆರ್ಲಿಯನ್ಸ್ ಪೊಲೀಸರು ಇಂಥದ್ದೇನೂ ನಮ್ಮ ಊರಲ್ಲಿ ನಡೆದಿಲ್ಲವೆಂದು ಪ್ರಕಟಣೆ ಹೊರಡಿಸಬೇಕಾಯಿತು. ಅಲ್ಲಿನ ಕಿಡ್ನಿ ಪ್ರತಿಷ್ಠಾನವು, ಹೀಗೆ ಕಿಡ್ನಿ ಕಳೆದುಕೊಂಡವರು ಯಾರಾದರೂ ಇದ್ದರೆ ಮುಂದೆ ಬನ್ನಿ ಎಂದು ಕೇಳಿಕೊಂಡಾಗ ಒಬ್ಬರೂ ಬರಲಿಲ್ಲ. ಕೊಡುವವರ ಮತ್ತು ಪಡೆಯುವವರ ರಕ್ತ, ಅಂಗಾಂಶಗಳು ಹೊಂದಬೇಕು, ತೆಗೆದ ಕಿಡ್ನಿಯನ್ನು ತಂಪಿನಲ್ಲಿಟ್ಟು ತಾಸುಗಳ ಲೆಕ್ಕದಲ್ಲಿ ಜೋಡಿಸಬೇಕು, ಅದಕ್ಕೆ ವೈದ್ಯರ ತಂಡವೇ ಬೇಕು; ಕೋಣೆಯೊಂದರಲ್ಲಿ ಒಬ್ಬ ಮನುಷ್ಯ ಮಾಡುವ ಕೆಲಸ ಇದಲ್ಲ. ನಮ್ಮ ದೇಶದಲ್ಲಿ 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ, ಹೆಂಡತಿ ಗಂಡನಿಗೆ ಕೊಡುವಾಗಲೂ ಒಪ್ಪಿಗೆ ಸ್ವಂತ ಇಚ್ಛೆಯಿಂದ ಬಂದದ್ದೇ ಎಂದು ವಿಚಾರಿಸಿಯೇ ಅನುಮತಿ ಕೊಡುತ್ತಾರೆ. ಆಗ ನಾವು ಅಕ್ಕ ಭಾವನ ಮದುವೆಯ ದಾಖಲೆ, ಫೋಟೋಗಳನ್ನೆಲ್ಲ ಹೊಂದಿಸಿ ಕೊಟ್ಟಿದ್ದೆವು. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು, ತಲೆಯಾಡಿಸಿದಳು. ಆದರೆ ಕಣ್ಣು ಕಂಡದ್ದನ್ನು ಮಾತಿನಿಂದ ಅಳಿಸುವುದು ಬಹಳ ಕಷ್ಟ.

ಕೆಲವು ದಿನಗಳ ಬಳಿಕ ನಾನೂ ಅಣ್ಣನ ಮಗಳೂ ಉಳಿದ ಭಾಗವನ್ನು ನೋಡಿ ಮುಗಿಸಿದೆವು. ಸಿನಿಮಾ ಕೀಳು ಎಂದು ನಾನು ಹೇಳುತ್ತಿಲ್ಲ. ನಿರ್ದೇಶಕ ಜಾನ್ ಆಟ್ಮನ್ ಸಂಕಲನವನ್ನೂ ಸಂಗೀತವನ್ನೂ ತಾವೇ ಮಾಡಿದ್ದಾರೆ. 1995ರ ‘ದಿ ಯೂಶುವಲ್ ಸಸ್ಪೆಕ್ಟ್ಸ್’ಗೂ ಈ ಎರಡೂ ಕೆಲಸ ಮಾಡಿದ್ದವರು ಅವರೇ, ಆ ಕೈಚಳಕ ಇಲ್ಲಿಯೂ ಅಲ್ಲಲ್ಲಿ ಕಾಣುತ್ತದೆ. ಪ್ರಶಸ್ತಿಯೊಂದಕ್ಕಾಗಿ ವಿದ್ಯಾರ್ಥಿಗಳಲ್ಲಿ ನಡೆಯುವ ಪೈಪೋಟಿ, ಸೆಟ್ಟಿನ ಜಗಳ, ಮೊದಲ ಭಾಗದಿಂದ ಬಂದ ಕಾವಲುಗಾರ್ತಿ ರೀಸ್‌ಳ ಪಾತ್ರ, ಇವೆಲ್ಲ ಅಣ್ಣನ ಮಗಳಿಗೆ ಹಿಡಿಸಿದವು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ ಒಂದು ದೃಶ್ಯ. ವಿದ್ಯಾರ್ಥಿನಿಯೊಬ್ಬಳ ಕೊಲೆ ಕ್ಯಾಮೆರಾದಲ್ಲಿ ದಾಖಲಾಗಿರುತ್ತದೆ. ಅದು ಪರದೆಯ ಮೇಲೆ ಬಂದಾಗ ಸಹಪಾಠಿಗಳು ನಟನೆಯೆಂದೇ ತಿಳಿದು ನೋಡುತ್ತಾರೆ. ಇಂಥ ನೂರಾರು ಕೊಲೆಗಳನ್ನು ಪರದೆಯ ಮೇಲೆ ನೋಡಿ ಪಳಗಿದವರು ‘ಭಯವಿಲ್ಲ’ ಎಂದು ಬರೆಯುವುದೂ ಅದೇ ರೂಢಿಯಿಂದ ಎಂದು ನನಗೆ ಆಗ ಹೊಳೆಯಿತು. ಅವರು ಸುಳ್ಳು ಹೇಳಿರಲಿಲ್ಲ, ತಮ್ಮಂಥವರಿಗೆ ಹೇಳಿದ್ದರು. ಮೇಲಾಗಿ, ಇಷ್ಟು ವರ್ಷಗಳ ನಂತರ ಬರೆಯುವವರಿಗೆ ಸಿನಿಮಾ ಹಳತಾಗಿ ಕಾಣುವುದರಿಂದ, ಅದರ ಕ್ರೌರ್ಯವೂ ಹಳತಾಯಿತೆಂದು ಅವರು ಭಾವಿಸುತ್ತಾರೆ. ಮೊದಲ ಸಲ ನೋಡುವ ಹದಿಮೂರು ವರ್ಷದವಳಿಗೆ ಅದು ಆ ರಾತ್ರಿಯೇ ಹೊಸದಾಗಿ ನಡೆಯುತ್ತದೆ.

ಹಾಗಾಗಿ ಇಂಥ ಸಿನಿಮಾಗಳ ಬಗ್ಗೆ ಓದುವಾಗ ನಕ್ಷತ್ರಗಳನ್ನು ಎಣಿಸಬೇಡಿ. ‘ಚೆನ್ನಾಗಿದೆ’, ‘ಬೋರು’ ಎಂಬ ಮಾತುಗಳನ್ನು ಬಿಟ್ಟು, ಯಾವ ದೃಶ್ಯದಲ್ಲಿ ಏನನ್ನು ಬಿಡಿಸಿ ತೋರಿಸುತ್ತಾರೆ ಎಂದು ಬರೆದವರು ಯಾರಾದರೂ ಇದ್ದಾರೆಯೇ ನೋಡಿ. ನಾನು ಓದದೆ ಬಿಟ್ಟಿದ್ದ ಕಡಿಮೆ ಅಂಕದ ಅಭಿಪ್ರಾಯವೊಂದರಲ್ಲಿ, ಮನೆಯಲ್ಲಿ ಕಾಯಿಲೆಯವರಿದ್ದರೆ ಆ ತೊಟ್ಟಿಯ ದೃಶ್ಯ ನೋಡಲಾಗದು ಎಂದು ತಾಯಿಯೊಬ್ಬರು ಬರೆದಿದ್ದನ್ನು ಆಮೇಲೆ ಕಂಡೆ. ‘ಎ’ ಅಥವಾ 16+ ಎಂಬ ಗುರುತಿದ್ದರೆ, ಪಕ್ಕದಲ್ಲಿ ಹಿರಿಯರಿರುವುದರಿಂದ ಅದೇನೂ ಬದಲಾಗುವುದಿಲ್ಲ. ಮೊದಲು ಒಬ್ಬರೇ ಪೂರ್ತಿ ನೋಡಿ, ಆಮೇಲೆ ಮಕ್ಕಳನ್ನು ಕರೆಯುವುದೋ ಬಿಡುವುದೋ ತೀರ್ಮಾನಿಸಿ. ಅಭಿಪ್ರಾಯ ಬರೆಯುವವರಲ್ಲಿಯೂ ನನ್ನದೊಂದು ಬೇಡಿಕೆಯಿದೆ: ಕೊಲೆಗಾರನ ಹೆಸರನ್ನು ಮುಚ್ಚಿಡಿ, ಕಿಡ್ನಿಯ ದೃಶ್ಯವನ್ನು ಮುಚ್ಚಿಡಬೇಡಿ.

ಅಕ್ಕನ ಮನೆಯವರು ಹಾವೇರಿಗೆ ಮರಳಿ ಮೂರು ವಾರಗಳಾದವು. ನಿನ್ನೆ ಫೋನ್ ಮಾಡಿದಾಗ, ಹುಡುಗಿ ಶಾಲೆಗೆ ಸರಿಯಾಗಿ ಹೋಗುತ್ತಿದ್ದಾಳೆ, ಊಟವನ್ನೂ ಮಾಡುತ್ತಾಳೆ, ಆದರೆ ಅವ್ವ ಜಳಕಕ್ಕೆ ಹೋದಾಗ ಬಚ್ಚಲುಮನೆಯ ಹೊರಗೆ ನಿಂತು ನಡುನಡುವೆ ಕೂಗಿ ಮಾತನಾಡಿಸುತ್ತಾಳೆ ಎಂದು ಭಾವ ಹೇಳಿದರು.